ಮೂರು ಸಲ ಬಾಗಿಲು ಬಡಿದ ರಾತ್ರಿ: ಡಾ. ಐಡಾ ಸ್ಕಡರ್ ಜೀವನದಿಂದ ನಮಗೊಂದು ಪಾಠ

ಯೌವನಸ್ಥರ ಕೂಟದ ಸಂದೇಶ, ಕಾಪು
ವಾಕ್ಯಭಾಗ: 1 ಸಮುವೇಲ 3, ಯಾಜಕಕಾಂಡ 13, ಲೂಕ 10:25–37, ಲೂಕ 17:11–19

  

ಪ್ರಿಯ ಯೌವನಸ್ಥರೇ, ಮುಂದಿನ ತಿಂಗಳು ನಮ್ಮ ಸಭೆಯಿಂದ ಒಂದು ಕೆಲಸ ಮಾಡ್ಬೇಕು ಅಂತ ನೀವೇ ಯೋಚನೆ ಮಾಡಿದ್ದೀರಿ. ಒಂದು ವ್ಯಾನ್ ತಗೊಂಡು ಕಾರ್ಕಳದ ಒಳಗಿನ ಊರುಗಳಿಗೆ, ಇತ್ತ ನಮ್ಮ ಕಡಲ ಬದಿಯ ಮನೆಗಳಿಗೆ ಹೋಗಿ ಬಿಪಿ, ಶುಗರ್ ನೋಡುವುದು, ಬಾಯಿ ಪರೀಕ್ಷೆ ಮಾಡಿಸುವುದು. ನಮ್ಮಲ್ಲಿ ನರ್ಸಿಂಗ್ ಓದುವವರಿದ್ದೀರಿ, ಮಣಿಪಾಲದಲ್ಲಿ ಲ್ಯಾಬಲ್ಲಿ ಕೆಲಸ ಮಾಡುವವರಿದ್ದೀರಿ, ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಮಾಡುವವರೂ ಇದ್ದೀರಿ. ಒಳ್ಳೆ ಯೋಚನೆ, ಸ್ತೋತ್ರ. ಆದ್ರೆ ಹೋಗುವ ಮೊದಲು, ನಮಗಿಂತ ನೂರು ವರ್ಷ ಮುಂಚೆ ಈ ದಾರಿಯಲ್ಲಿ ಹೋದ ಒಬ್ಬ ತಾಯಿಯ ಜೀವನ ನೋಡಿ ಹೋಗುವ. ಅವರ ಹೆಸರು ಡಾ. ಐಡಾ ಸ್ಕಡರ್.

ವೆಲ್ಲೂರು ಆಸ್ಪತ್ರೆ ಗೊತ್ತಿಲ್ಲದವರು ಯಾರಿದ್ದೀರಿ? ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದ್ರೆ ಮಣಿಪಾಲ, ಅಲ್ಲೂ ಸಮಾಧಾನ ಆಗ್ಲಿಲ್ಲ ಅಂದ್ರೆ ಕೆಲವರು ಮಂಗಳೂರಿಂದ ಚೆನ್ನೈ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯುತ್ತಾರೆ. ನಮ್ಮ ಕಟಪಾಡಿ ಅಲ್ಲ ಮಾರಾಯ್ರೆ, ವೆಲ್ಲೂರಿನ ಕಾಟ್ಪಾಡಿ. ಅಲ್ಲಿರುವ ಸಿಎಂಸಿ ಆಸ್ಪತ್ರೆಯಲ್ಲಿ ಇವತ್ತು 2,000ಕ್ಕೂ ಹೆಚ್ಚು ಹಾಸಿಗೆಗಳಿವೆ. ಅದು ಶುರುವಾದದ್ದು 1900ರಲ್ಲಿ, ಒಂದೇ ಒಂದು ಹಾಸಿಗೆಯಿಂದ. ಆ ಒಂದು ಹಾಸಿಗೆ ಹಾಕಿದವರು ಐಡಾ.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಆಗಿನ ಮದ್ರಾಸ್ ಪ್ರಾಂತ್ಯದ ರಾಣಿಪೇಟೆಯಲ್ಲಿ. ಅಪ್ಪ ಡಾ. ಜಾನ್ ಸ್ಕಡರ್, ಅಮೆರಿಕದ ರಿಫಾರ್ಮ್ಡ್ ಸಭೆಯ ಆರ್ಕಾಟ್ ಮಿಷನ್ನಿನ ವೈದ್ಯ. ಅಜ್ಜನೂ ವೈದ್ಯ ಮಿಷನರಿ. ಆ ಅಜ್ಜ 1819ರಲ್ಲೇ ಅಮೆರಿಕ ಬಿಟ್ಟು ಸಿಲೋನಿಗೆ ಬಂದವರು. ಮನೆತನ ಇಡೀ ಸೇವೆ. ಐದು ಅಣ್ಣಂದಿರಿಗೆ ಒಬ್ಬಳೇ ತಂಗಿ.

ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಚಿಕ್ಕಂದಿನಿಂದಲೇ ಸೇವೆಗೆ ತಯಾರಾಗಿದ್ದಳು ಅಂತ ನೀವು ಅಂದ್ಕೊಂಡ್ರೆ, ಇಲ್ಲ. ಉಲ್ಟಾ.

1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭಯಂಕರ ಬರಗಾಲ ಬಂತು. ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಗಟ್ಟಲೆ ಜನ ಸತ್ತರು. ಆರೇಳು ವರ್ಷದ ಐಡಾ ಹಸಿದ ಮಕ್ಕಳ ಬಾಯಿಗೆ ರೊಟ್ಟಿಯ ತುಂಡು ಇಡುವ ಕೆಲಸ ಮಾಡಿದಳು. ಕೈಯಲ್ಲಿ ಕೊಟ್ಟರೆ ಎತ್ತಿ ತಿನ್ನುವ ಶಕ್ತಿಯೂ ಇಲ್ಲದ ಮಕ್ಕಳು. ಅದನ್ನು ಕಂಡ ಪುಟ್ಟ ಹುಡುಗಿಗೆ ಈ ದೇಶ ಅಂದ್ರೆ ಹಸಿವು, ಬಿಸಿಲು, ಸಾವು ಅಂತ ಮನಸ್ಸಲ್ಲಿ ಕೂತುಬಿಟ್ಟಿತು. ಆಮೇಲೆ ಕುಟುಂಬ ಅಮೆರಿಕಕ್ಕೆ ಹೋಯಿತು. ಕೆಲವು ವರ್ಷದ ಮೇಲೆ ಅಪ್ಪ ಸೇವೆಗೆ ವಾಪಸ್ ಬಂದರು, ಅಮ್ಮನೂ ಹಿಂದೆಯೇ ಬಂದರು. ಐಡಾಳನ್ನು ಸಂಬಂಧಿಕರ ಮನೆಯಲ್ಲಿ ಬಿಟ್ಟರು. ಅಮ್ಮ ಹೋದ ರಾತ್ರಿ ಆ ಹುಡುಗಿ ಎಷ್ಟು ಅತ್ತಿರಬೇಕು, ಹಾಸ್ಟೆಲ್ಲಲ್ಲಿ ಬೆಳೆದವರಿಗೆ ಗೊತ್ತುಂಟು.

ಮುಂದೆ ಅವಳು ಓದಿದ್ದು ನಾರ್ತ್‌ಫೀಲ್ಡ್‌ನಲ್ಲಿ. ಅದು ಸುವಾರ್ತಿಕರಾದ ಡಿ. ಎಲ್. ಮೂಡಿಯವರು ಹುಡುಗಿಯರಿಗಾಗಿ ಕಟ್ಟಿದ ಶಾಲೆ. ಸುತ್ತ ಎಲ್ಲ ಪ್ರಾರ್ಥನೆ, ಎಲ್ಲ ಸೇವೆಯ ಮಾತು. ಆದ್ರೆ ಇವಳ ತೀರ್ಮಾನ ಗಟ್ಟಿ: ಮಿಷನರಿ ಆಗುವುದಿಲ್ಲ, ಭಾರತಕ್ಕೆ ಹೋಗುವುದಿಲ್ಲ. ಒಳ್ಳೆ ಮದುವೆ, ಒಳ್ಳೆ ಮನೆ, ಅಮೆರಿಕದ ಬದುಕು ಬೇಕು. ಅದು ಪಾಪವಾ? ಅಲ್ಲ. ನಮ್ಮಲ್ಲೂ ಎಷ್ಟು ಜನಕ್ಕೆ ಅದೇ ಆಸೆ ಅಲ್ವಾ? ದುಬೈ, ಕೆನಡಾ, ಐಟಿ ಕಂಪೆನಿ. ನಾನು ಅದನ್ನು ತಪ್ಪು ಅಂತ ಹೇಳುದಿಲ್ಲ. ಯೋನನಿಗೂ ತಾರ್ಷೀಷಿಗೆ ಟಿಕೆಟ್ ಸಿಕ್ಕಿತ್ತು. ಟಿಕೆಟ್ ಸಿಕ್ಕಿದ ಕೂಡಲೇ ಅದು ದೇವರ ಚಿತ್ತ ಅಂತ ಅಲ್ಲ, ಅಷ್ಟೇ.

1890ರಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಐಡಾ ತಿಂಡಿವನಕ್ಕೆ ಬರಬೇಕಾಯಿತು. ಬಂದದ್ದು ಅಮ್ಮನನ್ನು ನೋಡ್ಕೊಳ್ಳಲಿಕ್ಕೆ. ಕೆಲವು ಕಾಲ ಇದ್ದು ವಾಪಸ್ ಹೋಗುವುದು, ಅದೇ ಲೆಕ್ಕ.

ಈಗ ಗಮನ ಕೊಟ್ಟು ಕೇಳಿ. ಒಂದು ರಾತ್ರಿ ಬಾಗಿಲು ಬಡಿದ ಸದ್ದು. ಹೊರಗೆ ಒಬ್ಬ ಬ್ರಾಹ್ಮಣ ಯುವಕ. ಹೆಂಡತಿಗೆ ಹೆರಿಗೆ ನೋವು, ಮಗು ಹುಟ್ಟುತ್ತಿಲ್ಲ, ಜೀವ ಹೋಗ್ತಾ ಉಂಟು. ಐಡಾ ಹೇಳಿದಳು, ನಾನು ಡಾಕ್ಟರ್ ಅಲ್ಲ, ನನ್ನ ಅಪ್ಪ ಡಾಕ್ಟರ್, ಅವರನ್ನು ಕಳಿಸುತ್ತೇನೆ. ಆ ಗಂಡ ಒಪ್ಪಲಿಲ್ಲ. ಪರಗಂಡಸು ತನ್ನ ಹೆಂಡತಿಯನ್ನು ನೋಡುವುದು ಅವರ ಪದ್ಧತಿಯಲ್ಲಿಲ್ಲ. ಅವನು ಹಾಗೇ ಹೋದ. ಸ್ವಲ್ಪ ಹೊತ್ತಲ್ಲಿ ಮತ್ತೆ ಬಾಗಿಲು. ಈ ಸಲ ಒಬ್ಬ ಮುಸಲ್ಮಾನ. ಅದೇ ಕಷ್ಟ, ಅದೇ ಮಾತು. ಅವನೂ ಹೋದ. ಮೂರನೇ ಸಲ ಬಾಗಿಲು. ಇನ್ನೊಬ್ಬ ಹಿಂದೂ ಗಂಡ, ಮೇಲ್ಜಾತಿಯವನು. ಅವನ ಹೆಂಡತಿಗೂ ಹೆರಿಗೆ, ಅವನಿಗೂ ಹೆಣ್ಣು ಡಾಕ್ಟರೇ ಬೇಕು. ಅವನೂ ಕತ್ತಲಲ್ಲಿ ಹೋದ.

ಒಂದೇ ರಾತ್ರಿ. ಮೂರು ಮನೆ. ಮೂರು ಸಲ ಕರೆ.

1 ಸಮುವೇಲ 3 ತೆಗೆಯಿರಿ. ಹುಡುಗ ಸಮುವೇಲನನ್ನು ದೇವರು ರಾತ್ರಿ ಹೆಸರು ಹಿಡಿದು ಕರೆದರು. ಅವನು ಏಲಿ ಕರೆದ ಅಂತ ತಿಳಿದು ಮೂರು ಸಲ ಅವನ ಹತ್ತಿರ ಓಡಿದ. ಕರೆದದ್ದು ದೇವರು ಅಂತ ಏಲಿಗೆ ಹೊಳೆದದ್ದು ಮೂರನೇ ಸಲ ಮಾತ್ರ. ಐಡಾಳಿಗೂ ಹಾಗೇ ಆಯ್ತು. ದೇವರ ಸ್ವರ ಆಕಾಶದಿಂದ ಬರಲಿಲ್ಲ, ಬಾಗಿಲಿಂದ ಬಂತು. ಬ್ರಾಹ್ಮಣನ ಬಾಯಲ್ಲಿ ಬಂತು, ಮುಸಲ್ಮಾನನ ಬಾಯಲ್ಲಿ ಬಂತು. ನಮಗೆ ಪ್ರವಾದನೆ ಯಾವಾಗಲೂ ಸಭೆಯ ಒಳಗಿಂದಲೇ ಬರಬೇಕು ಅಂತ ಒಂದು ಎಣಿಕೆ ಉಂಟು. ಹೊರಗಿನವನು ಬಂದು ಬಾಗಿಲು ಬಡಿದ್ರೆ ಅದು ಡಿಸ್ಟರ್ಬೆನ್ಸ್. ಅಲ್ವಾ?

ಆ ರಾತ್ರಿ ಐಡಾ ಮಲಗಲಿಲ್ಲ. ಪ್ರಾರ್ಥನೆ ಮಾಡಿದಳು, ಅತ್ತಳು, ದೇವರ ಹತ್ತಿರ ವಾದ ಮಾಡಿದಳು. ಬೆಳಿಗ್ಗೆ ಊರಿನಿಂದ ಶವದ ಮೆರವಣಿಗೆಯ ತಮಟೆ ಸದ್ದು ಕೇಳಿತು. ಆಳನ್ನು ಕಳಿಸಿ ವಿಚಾರಿಸಿದರೆ, ಮೂವರು ಹೆಂಗಸರೂ ತೀರಿಕೊಂಡಿದ್ದರು. ಕಾಯಿಲೆಗೆ ಮದ್ದಿಲ್ಲದೆ ಸತ್ತದ್ದಲ್ಲ. ಮದ್ದು ಗೊತ್ತಿದ್ದ ಡಾಕ್ಟರ್ ಅದೇ ಬಂಗಲೆಯಲ್ಲಿದ್ದರು. ಮದ್ದಿಗೂ ಆ ಹೆಂಗಸರಿಗೂ ನಡುವೆ ಒಂದು ಸೇತುವೆ ಇರಲಿಲ್ಲ. ಅವತ್ತೇ ಐಡಾ ಅಪ್ಪ ಅಮ್ಮನ ಹತ್ತಿರ ಹೋಗಿ, ಡಾಕ್ಟರ್ ಓದಿ ಇದೇ ದೇಶಕ್ಕೆ ವಾಪಸ್ ಬರ್ತೇನೆ ಅಂತ ತಿಳಿಸಿದಳು.

ಇಲ್ಲಿ ಒಂದು ಮಾತು ಗುರುತು ಹಾಕ್ಕೊಳ್ಳಿ. ಅವಳು ಮರುದಿನವೇ ಸೀರೆ ಉಟ್ಟು ಸೇವೆಗೆ ಇಳಿಯಲಿಲ್ಲ. ಓದಲಿಕ್ಕೆ ಹೋದಳು. ಅಭಿಷೇಕ ಬಂತು ಅಂತ ಓದು ಬಿಟ್ಟವರನ್ನು ನಾವು ನೋಡಿದ್ದೇವೆ. ಐಡಾಳಿಗೆ ಕರೆ ಬಂದದ್ದರಿಂದಲೇ ಓದು ಶುರುವಾಯಿತು. 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದಳು. ಕಾರ್ನೆಲ್ ವೈದ್ಯಕೀಯ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದಳು.

ಹೊರಡುವ ಮೊದಲು ಒಂದು ಕೆಲಸ ಬಿತ್ತು. ವೆಲ್ಲೂರಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲಿಕ್ಕೆ 8,000 ಡಾಲರ್ ಸಂಗ್ರಹಿಸಬೇಕು. ಸಮಯ ಸ್ವಲ್ಪವೇ ಇತ್ತು. ನ್ಯೂಯಾರ್ಕಿನಲ್ಲಿ ಒಬ್ಬ ಹೆಂಗಸಿನ ಮನೆಗೆ ಹೋಗಿ ಐಡಾ ಆ ಮೂರು ಸಾವುಗಳ ವಿಷಯ ಹೇಳ್ತಾ ಇದ್ದರು. ಪಕ್ಕದ ಕೋಣೆಯಲ್ಲಿ ಆ ಹೆಂಗಸಿನ ಭಾವ, ಬ್ಯಾಂಕಿನ ಶ್ರೀಮಂತ ಶೆಲ್, ಕೂತು ಕೇಳಿಸಿಕೊಂಡರು. ಮರುದಿನ ಕರೆಸಿ, ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ ಅಂತ 10,000 ಡಾಲರ್ ಕೊಟ್ಟರು. ಕೇಳಿದ್ದಕ್ಕಿಂತ 2,000 ಜಾಸ್ತಿ. ನಾವು ಎದುರಿಗಿರುವವರ ಹತ್ತಿರ ಮಾತಾಡ್ತೇವೆ, ದೇವರು ಪಕ್ಕದ ಕೋಣೆಯವರ ಹೃದಯ ಮುಟ್ಟುತ್ತಾರೆ. ಸ್ತೋತ್ರ!

1900ರಲ್ಲಿ ಭಾರತಕ್ಕೆ ಬಂದರು. ಅಪ್ಪನ ಕೈ ಕೆಳಗೆ ಕೆಲಸ ಕಲಿಯುವ ಅಂತ ಆಸೆ. ಆದ್ರೆ ಕೆಲವೇ ತಿಂಗಳಲ್ಲಿ ಅಪ್ಪ ಕ್ಯಾನ್ಸರಿನಿಂದ ತೀರಿಹೋದರು. ಇನ್ನೂ 30 ಆಗದ ಡಾಕ್ಟರ್, ಅನುಭವ ಇಲ್ಲ, ಆಸ್ಪತ್ರೆ ಇಲ್ಲ, ಅಪ್ಪ ಇಲ್ಲ. ವೆಲ್ಲೂರಿನ ಬಂಗಲೆಯಲ್ಲೇ ಒಂದು ಚಿಕ್ಕ ಕೋಣೆಯಲ್ಲಿ ದವಾಖಾನೆ ತೆರೆದರು. ಎರಡು ವರ್ಷದಲ್ಲಿ 5,000 ರೋಗಿಗಳನ್ನು ನೋಡಿದರು. 1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅವರು ಒಬ್ಬ ಒಳ್ಳೆ ಡಾಕ್ಟರ್ ಅಂತ ಹೆಸರು ಉಳಿಯುತ್ತಿತ್ತು. ಆದ್ರೆ ಡಾ. ಐಡಾ ಒಂದು ವಿಷಯ ಗಮನಿಸಿದರು. ಆಸ್ಪತ್ರೆಗೆ ಬರುವವರು ತುಂಬ ತಡವಾಗಿ ಬರ್ತಾರೆ. ಹಳ್ಳಿಯಲ್ಲಿ ಗಾಯ ಕೊಳೆತ ಮೇಲೆ, ಕಣ್ಣು ಹೋದ ಮೇಲೆ, ಹೆರಿಗೆ ಕೆಟ್ಟ ಮೇಲೆ ಎತ್ತಿನ ಗಾಡಿಯಲ್ಲಿ ಮಲಗಿಸಿ ತರುತ್ತಾರೆ. ಹತ್ತು ದಿನ ಮೊದಲು ನೋಡಿದ್ದರೆ ಒಂದು ಹನಿ ಮದ್ದಲ್ಲಿ ಹೋಗುವ ಕಾಯಿಲೆ, ಹತ್ತು ದಿನ ಬಿಟ್ಟು ಬಂದಾಗ ಚಾಕುವಿಗೂ ಬಗ್ಗುವುದಿಲ್ಲ. ಬರದೆ ಮನೆಯಲ್ಲೇ ಸತ್ತವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಹಾಗಾದ್ರೆ ಎಂತ ಮಾಡುದು? ಅವರು ಬರದಿದ್ದರೆ ನಾವು ಹೋಗುವುದು.

ಮೊದಲು ಎತ್ತಿನ ಗಾಡಿ. ಆಮೇಲೆ, ಮೊದಲ ಮಹಾಯುದ್ಧಕ್ಕಿಂತ ಮುಂಚೆಯೇ, ಒಂದು ಸಣ್ಣ ಪ್ಯೂಜೋ ಕಾರು ಬಂತು. ಆ ಸೀಮೆಯ ಹಳ್ಳಿಯವರು ಕಾರು ಕಂಡವರೇ ಅಲ್ಲ. ಗುಡುಗುಡು ಸದ್ದು ಮಾಡಿಕೊಂಡು ಬರುವ ಆ ಗಾಡಿ ಕಂಡು ದೆವ್ವ ಬಂತು ಅಂತ ಓಡಿದರು. ಮದ್ದು ಕೊಡಲಿಕ್ಕೆ ಬಂದವರನ್ನು ಕಂಡು ರೋಗಿಗಳು ಓಡಿದ್ದು! ಆದ್ರೆ ಡಾ. ಐಡಾ ಬೇಜಾರು ಮಾಡ್ಕೊಂಡು ವಾಪಸ್ ಹೋಗಲಿಲ್ಲ. ಮುಂದಿನ ವಾರ ಅದೇ ದಿನ, ಅದೇ ದಾರಿಯಲ್ಲಿ ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಗುಡಿಯಾತ್ತಂ ಕಡೆ ಹೋಗುವ ರಸ್ತೆಯಲ್ಲಿ ದೊಡ್ಡ ಮರಗಳ ಕೆಳಗೆ ನಿಲ್ಲುವ ಜಾಗಗಳು ಗೊತ್ತಾದವು. ಸ್ವಲ್ಪ ಕಾಲದಲ್ಲಿ ಜನ ಓಡುವುದು ಬಿಟ್ಟು ಕಾಯುವುದಕ್ಕೆ ಶುರು ಮಾಡಿದರು. ಬುಟ್ಟಿ ಇಳಿಸಿ, ಮಕ್ಕಳನ್ನು ಸೊಂಟದಲ್ಲಿ ಇಟ್ಟುಕೊಂಡು ರಸ್ತೆ ಬದಿಯಲ್ಲಿ ಕೂರುತ್ತಿದ್ದರು. ಇದಕ್ಕೆ ರೋಡ್‌ಸೈಡ್ ಕ್ಲಿನಿಕ್ ಅಂತಲೇ ಹೆಸರಾಯಿತು. ಇವತ್ತು ನಾವು ಹೇಳುವ ಮೊಬೈಲ್ ಕ್ಲಿನಿಕ್ಕಿಗೆ ದಕ್ಷಿಣ ಭಾರತದಲ್ಲಿ ಬೇರು ಉಂಟು ಅಂದ್ರೆ ಅದು ಆ ಮರದ ಬುಡದಲ್ಲಿ ಉಂಟು.

ಆ ಸಾಲಿನಲ್ಲಿ ಕೂತವರಲ್ಲಿ ಕುಷ್ಠರೋಗಿಗಳೂ ಇದ್ದರು. ಊರೊಳಗೆ ಸೇರಿಸದವರು, ಬಾವಿಯ ಹತ್ತಿರ ಬಿಡದವರು. ಡಾ. ಐಡಾ ಮತ್ತು ಅವರ ನರ್ಸುಗಳು ಅವರ ಗಾಯ ತೊಳೆದು ಬಟ್ಟೆ ಕಟ್ಟಿದರು. ಮುಂದೆ ಇದೇ ವೆಲ್ಲೂರಿಗೆ 1946ರಲ್ಲಿ ಡಾ. ಪಾಲ್ ಬ್ರ್ಯಾಂಡ್ ಬಂದರು. ಕುಷ್ಠದಿಂದ ಮಡಚಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದವರು ಅವರು. ಅವರು ಕಂಡುಕೊಂಡ ಒಂದು ಸತ್ಯ ಕೇಳಿ: ಕುಷ್ಠರೋಗಿಗಳ ಬೆರಳುಗಳು ಹಾಳಾಗುವುದಕ್ಕೆ ಮುಖ್ಯ ಕಾರಣ ನೋವು ಗೊತ್ತಾಗದಿರುವುದು. ನರ ಸತ್ತಿರುತ್ತದೆ. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಿಳಿಯುವುದಿಲ್ಲ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಗಾಯದ ಮೇಲೆ ಗಾಯ ಆಗಿ ಬೆರಳು ಹೋಗುತ್ತದೆ.

ಪ್ರಿಯರೇ, ಬಿಪಿ ಕೂಡ ಹೀಗೇ ಅಲ್ವಾ? ನೋವಿಲ್ಲ. ಶುಗರಿಗೂ ಶುರುವಿನಲ್ಲಿ ನೋವಿಲ್ಲ. ಬಾಯಿಯೊಳಗಿನ ಬಿಳಿ ಮಚ್ಚೆಗೆ ನೋವಿಲ್ಲ. ನಮ್ಮ ಮೀನುಗಾರ ಅಣ್ಣ ಬೋಟಿನಲ್ಲಿ ಗಟ್ಟಿಯಾಗಿಯೇ ಇದ್ದಾನೆ, ಶಂಕರಪುರದಲ್ಲಿ ಬೆಳಗ್ಗಿನ ಜಾವ ಎದ್ದು ಮಲ್ಲಿಗೆ ಕೊಯ್ದು ಕಟ್ಟುವ ಅಕ್ಕ ಗಟ್ಟಿಯಾಗಿಯೇ ಇದ್ದಾಳೆ, ಕಾರ್ಕಳದ ಒಳಗೆ ಬೀಡಿ ಕಟ್ಟುವ ಅಮ್ಮ ಎಲೆಯಡಿಕೆ ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡು ಏನೂ ಆಗ್ಲಿಲ್ಲ ಅಂತಾರೆ. ನೋವು ಬರುವವರೆಗೆ ಕಾದರೆ ಒಂದು ದಿನ ಪಾರ್ಶ್ವವಾಯು, ಇಲ್ಲವೇ ಕಾಲಿನಲ್ಲಿ ವಾಸಿಯಾಗದ ಹುಣ್ಣು. ಅದಕ್ಕೇ ನೋವಿಲ್ಲದಾಗ ಹೋಗಿ ನೋಡಬೇಕು. ಸ್ಕ್ರೀನಿಂಗ್ ಅಂದ್ರೆ ಇಷ್ಟೇ.

ಇದು ಲೋಕದವರ ವಿದ್ಯೆ, ವಾಕ್ಯದಲ್ಲಿ ಎಲ್ಲುಂಟು ಅಂತ ಯಾರಾದ್ರೂ ಕೇಳಿದ್ರೆ ಯಾಜಕಕಾಂಡ 13 ತೋರಿಸಿ. ನಾವು ವರ್ಷದ ಬೈಬಲ್ ಓದುವಾಗ ಹಾರಿಸಿ ಹೋಗುವ ಅಧ್ಯಾಯ. ಅಲ್ಲಿ ಎಂತ ಉಂಟು? ಚರ್ಮದ ಮೇಲೆ ಮಚ್ಚೆ ಕಂಡರೆ ಯಾಜಕನ ಹತ್ತಿರ ಬರಬೇಕು. ಅವನು ಕಣ್ಣಾರೆ ನೋಡಬೇಕು. ಬಣ್ಣ ನೋಡಬೇಕು, ಆಳ ನೋಡಬೇಕು, ಕೂದಲು ನೋಡಬೇಕು. ಸಂಶಯ ಇದ್ದರೆ ಏಳು ದಿನ ಬಿಟ್ಟು ಮತ್ತೆ ನೋಡಬೇಕು. ಇನ್ನೂ ಸಂಶಯ ಇದ್ದರೆ ಇನ್ನೊಂದು ಏಳು ದಿನ. ಏಳು ದಿನ ಬಿಟ್ಟು ಮತ್ತೆ ನೋಡು, ಈ ಮಾತಿಗೆ ಅಡಿಗೆರೆ ಹಾಕಿ. ಯಾಕೆ ಅಂತ ಆಮೇಲೆ ಹೇಳ್ತೇನೆ.

ಐಡಾ ಅಮ್ಮನ ಜೀವನ ಮುಂದುವರಿಸುವ. ಎಷ್ಟು ಓಡಾಡಿದರೂ ಒಬ್ಬ ಡಾಕ್ಟರಿಂದ ಎಷ್ಟು ಹಳ್ಳಿ ಆಗುತ್ತದೆ? ತಾನೊಬ್ಬಳು ಸಾಲದು, ಈ ದೇಶದ ಹೆಣ್ಣುಮಕ್ಕಳೇ ಡಾಕ್ಟರ್, ನರ್ಸ್ ಆಗಬೇಕು ಅಂತ ಅವರಿಗೆ ದರ್ಶನ ಬಂತು. 1909ರಲ್ಲಿ ನರ್ಸಿಂಗ್ ಶಾಲೆ, 1918ರ ಆಗಸ್ಟ್ 12ರಂದು ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. ಮದ್ರಾಸಿನ ದೊಡ್ಡ ಸರ್ಕಾರಿ ವೈದ್ಯಾಧಿಕಾರಿ, ಮೂರು ಅರ್ಜಿ ಬಂದರೆ ನಿಮ್ಮ ಭಾಗ್ಯ ಅನ್ನುವ ಹಾಗೆ ಮಾತಾಡಿದರು. ಬಂದದ್ದು 151 ಅರ್ಜಿ! ಮೊದಲ ಪರೀಕ್ಷೆಗೆ ಕೂತ ಹುಡುಗಿಯರೆಲ್ಲ ಪಾಸಾದರು. ಆ ವಿದ್ಯಾರ್ಥಿನಿಯರನ್ನು ಪುಸ್ತಕದ ಮುಂದೆ ಮಾತ್ರ ಕೂರಿಸಲಿಲ್ಲ, ರಸ್ತೆ ಬದಿಯ ಕ್ಲಿನಿಕ್ಕಿಗೂ ಕರ್ಕೊಂಡು ಹೋದರು.

ಅದೇ ಕಾಲಕ್ಕೆ ನಮ್ಮ ಊರಲ್ಲಿ ಎಂತ ಆಗ್ತಾ ಇತ್ತು ಗೊತ್ತುಂಟಾ? 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ನಿನಿಂದ ಡಾ. ಇವಾ ಲೊಂಬಾರ್ಡ್ ಅಂತ ಒಬ್ಬ ಸ್ವಿಸ್ ತಾಯಿ ಉಡುಪಿಗೆ ಬಂದು, 1923ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ಶುರು ಮಾಡಿದರು. ನಮ್ಮ ಅಜ್ಜಿಯಂದಿರು ಮಿಷನ್ ಆಸ್ಪತ್ರೆ ಅಂತ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಅದೇ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದರು. ಆ ಕಾಲೇಜಿನವರು ಗುಡ್ಡದ ಮೇಲೇ ಕೂರಲಿಲ್ಲ, ಮಲ್ಪೆ, ಉದ್ಯಾವರ, ಕಟಪಾಡಿ, ನಮ್ಮ ಕಾಪು ಹೀಗೆ ಕರಾವಳಿಯ ಊರುಗಳಲ್ಲಿ ತಾಯಿ ಮಕ್ಕಳಿಗಾಗಿ ಗ್ರಾಮೀಣ ಕೇಂದ್ರ ಇಟ್ಟರು. ಇಲ್ಲಿ ಕೂತಿರುವ ಎಷ್ಟೋ ಮಂದಿಯ ಅಪ್ಪ ಅಮ್ಮ ಹುಟ್ಟುವಾಗ ತಾಯಿ ಮಗು ಇಬ್ಬರೂ ಉಳಿದದ್ದು ಇಂಥವರ ಕೈಯಿಂದ. ಒಳ್ಳೆಯದನ್ನು ಯಾರ ಮೂಲಕ ಮಾಡಿಸಿದರೂ ದೇವರಿಗೆ ಸ್ತೋತ್ರ ಹೇಳುವ.

ಐಡಾ ಅಮ್ಮನಿಗೆ ಮುಪ್ಪಿನಲ್ಲಿ ದೊಡ್ಡ ಪರೀಕ್ಷೆ ಬಂತು. ಹಳೆಯ ಡಿಪ್ಲೊಮಾ ಕೋರ್ಸ್ ಸಾಲದು, ಪೂರ್ಣ ಪದವಿ ಕಾಲೇಜು ಆಗಬೇಕು ಅಂತ ಸರ್ಕಾರದ ನಿಯಮ ಬಂತು. ಅದಕ್ಕೆ ಅಪಾರ ಹಣ ಬೇಕು, ಪ್ರಾಧ್ಯಾಪಕರು ಬೇಕು. ಎಪ್ಪತ್ತು ದಾಟಿದ ಅಜ್ಜಿ ಯುದ್ಧದ ನಡುವೆ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಹಣ ಬೇಡಿದರು. ಆಗ ಇನ್ನೊಂದು ಜಗಳ. ಕಾಲೇಜು ಉಳಿಯಬೇಕಾದರೆ ಗಂಡುಮಕ್ಕಳನ್ನೂ ಸೇರಿಸಬೇಕು. ಇದು ಹೆಂಗಸರಿಗೆ ಅಂತ ಕೊಟ್ಟ ಹಣ ಅಂತ ಜೀವಮಾನದ ಗೆಳತಿಯರೇ ವಿರೋಧ ಮಾಡಿದರು. ಹೆಂಗಸರಿಗಾಗಿ ಕಟ್ಟಿದ ಕನಸು ಅದು. ಆದ್ರೆ ರೋಗಿಗಳು ಮುಖ್ಯ, ತನ್ನ ಯೋಜನೆ ಅಲ್ಲ ಅಂತ ಅವರು ಬಗ್ಗಿದರು. 1942ರಲ್ಲಿ ಎಂಬಿಬಿಎಸ್ ಬಂತು, 1947ರಲ್ಲಿ ಗಂಡುಮಕ್ಕಳೂ ಸೇರಿದರು. 1946ರಲ್ಲಿ ಅಧಿಕಾರ ಬಿಟ್ಟುಕೊಟ್ಟು, ಮುಂದೆ ಅದನ್ನು ನಡೆಸುವುದಕ್ಕೆ ಭಾರತದವರೇ ಆದ ಡಾ. ಹಿಲ್ಡಾ ಲಾಜರಸ್ ಬಂದರು. ಕಟ್ಟುವುದು ಸುಲಭ, ಬಿಟ್ಟುಕೊಡುವುದು ಕಷ್ಟ. ಸಭೆ ನಡೆಸುವ ನಮಗೂ ಇದು ಗೊತ್ತುಂಟು.

1960ರ ಮೇ ತಿಂಗಳಲ್ಲಿ, 89ನೇ ವಯಸ್ಸಲ್ಲಿ, ಕೊಡೈಕನಾಲಿನ ತಮ್ಮ ಮನೆಯಲ್ಲಿ ಅವರು ಕರ್ತನಲ್ಲಿ ನಿದ್ರೆ ಹೋದರು. ಮದುವೆ ಆಗಲಿಲ್ಲ, ಮಕ್ಕಳಿಲ್ಲ. ಆದ್ರೆ ಎಷ್ಟು ಸಾವಿರ ಮಕ್ಕಳ ಮೊದಲ ಅಳು ಅವರ ಕೈಯಲ್ಲಿ ಕೇಳಿತು! ಇವತ್ತಿಗೂ ಸಿಎಂಸಿಯವರು ಸುತ್ತಲ ಹಳ್ಳಿಗಳಿಗೆ ಹೋಗುವುದನ್ನು ನಿಲ್ಲಿಸಿಲ್ಲ.

ಈಗ ನಮ್ಮ ವಿಷಯಕ್ಕೆ ಬರುವ. ಮೂರು ಮಾತು ಹೇಳಿ ಮುಗಿಸ್ತೇನೆ.

ಮೊದಲನೆಯದು, ವಿಶ್ವಾಸ ಮತ್ತು ಪರೀಕ್ಷೆ. ನಾವು ದೈವಿಕ ಸ್ವಸ್ಥತೆಯನ್ನು ನಂಬುವ ಜನ. ನಾನೂ ನಂಬುತ್ತೇನೆ. ಯಾಕೋಬನ ಪತ್ರಿಕೆಯ ಪ್ರಕಾರ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡುತ್ತೇನೆ. ಆದ್ರೆ ಸೂಜಿ ಚುಚ್ಚಿಸಿಕೊಂಡರೆ ವಿಶ್ವಾಸ ಕಡಿಮೆ ಆಯ್ತು ಅಂತ ಹೆದರುವವರು ನಮ್ಮಲ್ಲಿದ್ದಾರೆ. ಪ್ರಾರ್ಥನೆ ಆದ ಕೂಡಲೇ ತಾವೇ ಮಾತ್ರೆ ನಿಲ್ಲಿಸಿದವರಿದ್ದಾರೆ. ಲೂಕ 17 ನೋಡಿ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿ ಮಾಡುವಾಗ, ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂತ ಕಳಿಸಿದರು. ಯಾಜಕಕಾಂಡದ ಆ ಪರೀಕ್ಷೆಗೇ ಕಳಿಸಿದರು! ತನ್ನ ಅದ್ಭುತವನ್ನು ಪರೀಕ್ಷೆ ಮಾಡಿಸಲಿಕ್ಕೆ ಯೇಸು ಹೆದರಲಿಲ್ಲ. ನೀವ್ಯಾಕೆ ಹೆದರುತ್ತೀರಿ? ದೇವರು ವಾಸಿ ಮಾಡಿದ್ದರೆ ರಿಪೋರ್ಟಿನಲ್ಲಿ ಬರುತ್ತದೆ, ಡಾಕ್ಟರೇ ಮಾತ್ರೆ ಕಡಿಮೆ ಮಾಡ್ತಾರೆ. ಅಲ್ಲಿಯವರೆಗೆ ಮಾತ್ರೆಯನ್ನು ಸ್ತೋತ್ರ ಮಾಡಿ ತಗೊಳ್ಳಿ. ಪೌಲನ ಜೊತೆ ಇದ್ದ ಲೂಕನೂ ವೈದ್ಯನೇ. ಹಳ್ಳಿಗೆ ಹೋಗುವ ಮೊದಲು ನಮ್ಮ ಸಭೆಯ 30 ದಾಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಬಿಪಿ, ಶುಗರ್, ಬಾಯಿ, ಅಕ್ಕಂದಿರಿಗೆ ಸ್ತನ ಮತ್ತು ಗರ್ಭಕಂಠ. ಸರ್ಕಾರದ ಆರೋಗ್ಯ ಕೇಂದ್ರದಲ್ಲೇ ಇದಕ್ಕೆ ವ್ಯವಸ್ಥೆ ಉಂಟು. ಪಾಸ್ಟರ್ ಮೊದಲು ಹೋಗ್ತಾರೆ, ಆಮೆನ್.

ಎರಡನೆಯದು, ವಾಪಸ್ ಹೋಗುವುದು. ಅಡಿಗೆರೆ ಹಾಕಲಿಕ್ಕೆ ಹೇಳಿದ್ದೆ ಅಲ್ವಾ? ಒಂದು ಭಾನುವಾರ ವ್ಯಾನ್ ತಗೊಂಡು ಹೋಗಿ, ಬ್ಯಾನರ್ ಕಟ್ಟಿ, 200 ಜನರ ಬಿಪಿ ನೋಡಿ, ಗ್ರೂಪ್ ಫೋಟೊ ತೆಗೆದು, ಇನ್‌ಸ್ಟಾಗ್ರಾಮಿಗೆ ಹಾಕಿ ಬಂದ್ರೆ ಎಂತ ಆಯ್ತು? ಆ ಅಜ್ಜಿಗೆ ಬಿಪಿ 180 ಉಂಟು ಅಂತ ಹೇಳಿ ಬಂದಿರಿ. ಅವರು ಆಸ್ಪತ್ರೆಗೆ ಹೋದರಾ? ಬಸ್ ಉಂಟಾ? ಜೊತೆಗೆ ಯಾರು ಹೋಗುತ್ತಾರೆ? ಮಾತ್ರೆ ಮುಗಿದ ಮೇಲೆ ಎಂತ? ಕಾಯಿಲೆಯ ಹೆಸರು ಹೇಳಿ ಕೈಬಿಟ್ಟರೆ ಅವರಿಗೆ ಹೆದರಿಕೆ ಮಾತ್ರ ಉಳಿಯಿತು. ಜನ ಕಾರು ಕಂಡು ಓಡಿದ ದಿನವೂ, ಕಾದು ಕೂತ ದಿನವೂ, ಐಡಾ ಅಮ್ಮ ಅದೇ ದಾರಿಗೆ ವಾರ ವಾರ ವಾಪಸ್ ಹೋದರು. ಲೂಕ 10ರ ಸಮಾರ್ಯದವನು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿ ಅಷ್ಟಕ್ಕೇ ಹೋಗಲಿಲ್ಲ. ಚತ್ರಕ್ಕೆ ಸೇರಿಸಿ, ಹಣ ಕೊಟ್ಟು, ತಾನು ಹಿಂದಿರುಗುವಾಗ ಉಳಿದದ್ದನ್ನು ಕೊಡುತ್ತೇನೆ ಅಂತ ಮಾತು ಕೊಟ್ಟ. ಅವನ ಕಥೆಯಲ್ಲೂ ವಾಪಸ್ ಬರುವುದು ಉಂಟು.

ಹಾಗಾಗಿ ಹತ್ತು ಊರು ಬೇಡ. ಒಂದು ಊರು ಹಿಡಿಯಿರಿ. ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಮೊದಲು ಭೇಟಿ ಮಾಡಿ, ಆ ಅಕ್ಕನಿಗೆ ಪ್ರತಿ ಮನೆ ಗೊತ್ತುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಕೇಳಿ, ಒಪ್ಪಿಗೆ ಪಡೆದು ಹೋಗಿ. ಒಂದು ಪುಸ್ತಕದಲ್ಲಿ ಹೆಸರು ಬರೆಯಿರಿ. ತಿಂಗಳು ಬಿಟ್ಟು ಅದೇ ಬಾಗಿಲಿಗೆ ಹೋಗಿ, ಮಾತ್ರೆ ತಗೊಳ್ತಾ ಇದ್ದಾರಾ ನೋಡಿ. ಒಬ್ಬರನ್ನು ನಿಮ್ಮ ಬೈಕಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಅದು 200 ಫೋಟೊಗಿಂತ ದೊಡ್ಡದು.

ಮೂರನೆಯದು ಸ್ವಲ್ಪ ಕಷ್ಟದ ಮಾತು. ಐಡಾ ಅಮ್ಮ ತಮ್ಮ ವಿಶ್ವಾಸ ಮುಚ್ಚಿಡಲಿಲ್ಲ. ಪ್ರಾರ್ಥನೆ ಮಾಡಿಯೇ ಕತ್ತರಿ ಹಿಡಿಯುತ್ತಿದ್ದರು, ಯೇಸುವಿನ ಹೆಸರು ಹೇಳುತ್ತಿದ್ದರು. ಆದ್ರೆ ಮದ್ದಿಗೆ ಬೆಲೆಯಾಗಿ ವಿಶ್ವಾಸ ಕೇಳಲಿಲ್ಲ. ಬಾಗಿಲು ಬಡಿದ ಮೂವರು ಯಾರು ಅಂತ ನೆನಪಿಡಿ. ಅವರ ಹೆಂಗಸರಿಗಾಗಿಯೇ ಅವರು ಜೀವನ ಕೊಟ್ಟರು. ನಾವು ಬಿಪಿ ನೋಡುವ ಪಟ್ಟಿ ಕಟ್ಟುವಾಗ ಇನ್ನೊಂದು ಕೈಯಲ್ಲಿ ಕರಪತ್ರ ಹಿಡಿಯುವುದು ಬೇಡ. ಸಾಲಿನಲ್ಲಿ ನಿಂತ ಅಜ್ಜಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಅಸಹಾಯಕರ ಹತ್ತಿರ ಚೌಕಾಶಿ ಮಾಡುವುದು ಸುವಾರ್ತೆ ಅಲ್ಲ. ಸಮಾರ್ಯದವನು ಗಾಯಗೊಂಡವನ ಹತ್ತಿರ, ನೀನು ಎಲ್ಲಿ ಆರಾಧನೆ ಮಾಡುವವನು ಅಂತ ಕೇಳಲಿಲ್ಲ. ಅಷ್ಟಾಗಿಯೂ ಯಾರಾದ್ರೂ ನಿಮ್ಮನ್ನು ಸಂಶಯದಿಂದ ನೋಡಿದ್ರೆ ಕೋಪ ಮಾಡ್ಬೇಡಿ. ವಾರ ವಾರ ಹೋಗಿ. ಓಡಿದವರೂ ಒಂದು ದಿನ ಕಾದು ಕೂರುತ್ತಾರೆ. ನೀವು ಯಾಕೆ ಹೀಗೆ ಬರ್ತೀರಿ ಅಂತ ಅವರೇ ಕೇಳಿದರೆ, ಆಗ ನಿಜವಾದ ಉತ್ತರ ಕೊಡಿ.

ಇಲ್ಲಿ ಕೂತವರಲ್ಲಿ ಕೆಲವರಿಗೆ ಈ ವಾರ ಬಾಗಿಲು ಬಡಿದ ಸದ್ದು ಕೇಳಿರಬಹುದು. ಒಂದು ಸಲವೋ, ಎರಡು ಸಲವೋ. ನನಗೆ ಇದು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸುತ್ತೇನೆ ಅಂತ ಹೇಳಿ ಬಾಗಿಲು ಹಾಕಿರಬಹುದು. ಬರುವುದಿಲ್ಲ ಅಂದ್ರೆ ಕಲಿಯಿರಿ. ಐಡಾಳಿಗೂ ಅವತ್ತು ಬರುತ್ತಿರಲಿಲ್ಲ.

ತಲೆ ಬಾಗಿಸಿ, ಕಣ್ಣು ಮುಚ್ಚಿ. ಪ್ರಾರ್ಥನೆ ಮಾಡುವ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ಕಿವಿ ತೆರೆ ಕರ್ತನೇ. ನೋವು ಗೊತ್ತಾಗದೆ ಒಳಗೊಳಗೇ ಕರಗುತ್ತಿರುವವರ ಮನೆಗೆ ನಮ್ಮನ್ನು ನಡೆಸು. ಹೋದ ಮನೆಗೆ ಮತ್ತೆ ಹೋಗುವ ತಾಳ್ಮೆ ಕೊಡು. ನಮ್ಮ ಡಾಕ್ಟರುಗಳನ್ನು, ನರ್ಸುಗಳನ್ನು, ಮನೆ ಮನೆ ನಡೆಯುವ ಆಶಾ ಅಕ್ಕಂದಿರನ್ನು ಆಶೀರ್ವದಿಸು. ಈ ಯೌವನಸ್ಥರ ಕೈಗಳನ್ನು ಸೌಮ್ಯವಾದ ಕೈಗಳಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ.

ಆಮೆನ್. ಹೆಸರು ಕೊಡುವವರು ಕೂಟ ಮುಗಿದ ಮೇಲೆ ಮುಂದೆ ಬನ್ನಿ. ಒಂದು ದಿನಕ್ಕೆ ಅಲ್ಲ, ಒಂದು ವರ್ಷಕ್ಕೆ ಬರುವವರು ಮಾತ್ರ ಹೆಸರು ಕೊಡಿ.